ಕಾಣಲಿಲ್ಲವೆಂಬುದೂ ಇಲ್ಲವೆಂಬುದೂ

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಹಿಡಿದ ಬಾಲಕನಿಗೆ ಗುರುಗಳು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತಿತ್ತು: ಈ ನೆಲದ ಮೇಲೆ ಗಡಿಗೆಯಿಲ್ಲವೆಂಬುದನ್ನು ನೀನು ಯಾವುದರಿಂದ ಬಲ್ಲೆ? ಗಡಿಗೆಯಿದ್ದರೆ ಅದು ಕಣ್ಣಿಗೆ ಬೀಳುವುದು ಸಹಜ. ಗಡಿಗೆಯ ಇಲ್ಲದಿರುವಿಕೆಯು ಕಣ್ಣಿಗೆ ಬೀಳುವುದೆಂತು? ಅದೂ ಒಂದು ಬಗೆಯ ಪ್ರತ್ಯಕ್ಷವೇ ಎಂದು ನೈಯಾಯಿಕರು ಹೇಳುವರು. ಅನುಪಲಬ್ಧಿಯೆಂಬ ಬೇರೆ ಪ್ರಮಾಣದಿಂದ ಅದು ತಿಳಿಯತಕ್ಕದ್ದೆಂದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ವಾದಿಸುವರು. ಈ ಜಗಳದಲ್ಲಿ ನಾವು ಹುಡುಗರು ಮಧ್ಯಾಹ್ನದ ಊಟದ ಗಂಟೆಯಾಗುವವರೆಗೆ ಗಂಟಲು ಒಣಗಿಸಿಕೊಳ್ಳುತ್ತಿದ್ದೆವು. ಇದರಿಂದ ಸಂಸಾರದಲ್ಲಿ ಏನು ಪ್ರಯೋಜನವೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಹೇಳುವ ಶಕ್ತಿ ನನಗಂತೂ ಇರಲಿಲ್ಲ. ಐವತ್ತು ವರ್ಷಗಳ ಮೇಲೆ, ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ಹುನಗುಂದದಲ್ಲಿ ಕುಳಿತಿರುವಾಗ, ಮನೆಯ ಹಳೆಯದೊಂದು ಡೀಸೆಲ್ ಜೀಪಿನ ನೀರು ನನಗೆ ಆ ಪಾಠವನ್ನು ಎರಡನೆಯ ಸಾರೆ ಹೇಳಿಕೊಟ್ಟಿತು.

ಜೀಪು 1996ನೆಯ ಇಸವಿಯದು. ಹೊಲಕ್ಕೂ ಬಾಗಲಕೋಟೆಯ ನವನಗರದಲ್ಲಿರುವ ಮಗನ ಮನೆಗೂ ಅದು ನಮ್ಮನ್ನು ಹೊತ್ತು ತಿರುಗಿದೆ. ಕಳೆದ ವರ್ಷದ ಬೇಸಗೆಯ ಮುಂಚೆ ಅದಕ್ಕೊಂದು ಚಟ ಹತ್ತಿತು. ಎಂಟು ದಿವಸಕ್ಕೊಮ್ಮೆ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ನೀರು ಒಂದು ತಂಬಿಗೆಯಷ್ಟು ಕಡಮೆಯಾಗಿರುತ್ತಿತ್ತು. ಗಾಡಿ ನಿಲ್ಲುವ ಕಲ್ಲುಹಾಸಿನ ಮೇಲೆ ನೋಡಿದರೆ ಒಂದು ಹನಿಯೂ ಇಲ್ಲ. ಊರಿನ ಯಂತ್ರಕಾರನೊಬ್ಬನಿಗೆ ತೋರಿಸಿದೆ. ಅವನು ಬಗ್ಗಿ, ಕೆಳಗೆ ಕೈಯಾಡಿಸಿ, ಒಣಗಿದ ಕೈಯನ್ನು ನನಗೆ ತೋರಿಸಿ, 'ಎಲ್ಲೂ ಸೋರಂಗಿಲ್ರಿ ಸರ. ಹಳೇ ಗಾಡಿ, ಸ್ವಲ್ಪ ನೀರು ಕುಡೀತದ' ಎಂದನು. ಆ ಮಾತು ನನಗೆ ಬಹಳ ಹಿತವಾಯಿತು. ಅಂದಿನಿಂದ ಸೋಮವಾರ ಬೆಳಿಗ್ಗೆ ಪೂಜೆಯಾದ ಮೇಲೆ ಜೀಪಿಗೂ ಒಂದು ತಂಬಿಗೆ ನೀರೆರೆಯುವುದು ನನ್ನ ನಿತ್ಯಕರ್ಮಗಳಲ್ಲಿ ಸೇರಿಹೋಯಿತು.

ವಾಚಕರಲ್ಲಿ ಕೆಲವರಿಗೆ ಈ ಯಂತ್ರದ ಒಳಗನ್ನು ನೋಡುವ ಪ್ರಸಂಗ ಬಂದಿರಲಿಕ್ಕಿಲ್ಲವಾದುದರಿಂದ ಎರಡು ಮಾತು ಹೇಳಬೇಕಾಗುವುದು. ಪೆಟ್ರೋಲಿನ ಯಂತ್ರದಲ್ಲಿ ಕಿಡಿಯಿಂದ ಬೆಂಕಿ ಹತ್ತಿಸುವರು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಪಂಡಿತನು 1897ರಲ್ಲಿ ನಡೆಯಿಸಿ ತೋರಿಸಿದ ಯಂತ್ರದಲ್ಲಿ ಕಿಡಿಯ ಗೊಡವೆಯೇ ಇಲ್ಲ. ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯುವಷ್ಟು ಒತ್ತಿದರೆ ಅದರ ಕಾವಿಗೇ ಎಣ್ಣೆ ಹತ್ತಿಕೊಳ್ಳುವುದು. ಇಷ್ಟು ಉಗ್ರವಾದ ಅಗ್ನಿಯ ಸುತ್ತಲೂ ಲೋಹದ ಗೋಡೆಗಳಲ್ಲಿ ಕಾಲುವೆಗಳನ್ನು ಬಿಟ್ಟು, ಅವುಗಳಲ್ಲಿ ನೀರನ್ನು ಪಂಪಿನಿಂದ ತಿರುಗಿಸಿ, ಮುಂಭಾಗದ ರೇಡಿಯೇಟರಿನಲ್ಲಿ ಗಾಳಿಗೊಡ್ಡಿ ತಣಿಸುವರು. ಬರಿಯ ನೀರಲ್ಲ, ಕೂಲಂಟ್ ಎಂಬ ಬಣ್ಣದ ದ್ರವವನ್ನು ಅದರಲ್ಲಿ ಬೆರೆಸಿರುವರು. ಅದು ತುಕ್ಕನ್ನು ತಡೆಯುವುದು, ಕುದಿಯುವ ಮಟ್ಟವನ್ನು ಏರಿಸುವುದು. ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಒಳಗಿನ ಒತ್ತಡವು ಚದರ ಅಂಗುಲಕ್ಕೆ ಸುಮಾರು 13 ಪೌಂಡಿನಷ್ಟಾಗುವವರೆಗೆ ಅದು ಬಾಯಿ ಬಿಡದು. ಆ ಒತ್ತಡದಲ್ಲಿ ನೀರು 100 ಅಂಶಕ್ಕೆ ಬದಲಾಗಿ 120ರ ಹತ್ತಿರ ಕುದಿಯುವುದು. ಆದಕಾರಣವೇ ಕಾದ ಗಾಡಿಯ ಮುಚ್ಚಳವನ್ನು ತಿರುಗಿಸಿದವನ ಮುಖಕ್ಕೆ ಉಗಿಯು ಎರಚುವುದು. ನನ್ನ ಶಿಷ್ಯನೊಬ್ಬನ ಬಲಗೈ ಇಂದಿಗೂ ಅದರ ಸಾಕ್ಷಿಯಾಗಿದೆ.

ಈಗ ಅಲ್ಪವಾದ ಸೋರಿಕೆಯ ಸ್ವಭಾವವನ್ನು ನೋಡೋಣ. ಗಾಡಿ ತಣ್ಣಗೆ ನಿಂತಿರುವಾಗ ಒಳಗೆ ಒತ್ತಡವಿಲ್ಲ. ಹನಿಯನ್ನು ಹೊರಗೆ ತಳ್ಳುವವರು ಯಾರೂ ಇಲ್ಲ. ಗಾಡಿ ಓಡುವಾಗ ಒತ್ತಡವುಂಟು, ಹನಿಯೂ ಹೊರಡುವುದು. ಆದರೆ ಆಗ ಹೊರಗಿನ ಲೋಹವು ಕಾದ ಹಂಚಿನಂತಿರುವುದರಿಂದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುವುದು. ನೋಡುವವನು ಬಗ್ಗುವ ಕಾಲದಲ್ಲಿ ಸೋರಿಕೆಯಿಲ್ಲ, ಸೋರಿಕೆಯ ಕಾಲದಲ್ಲಿ ನೋಡುವವನು ಬಗ್ಗಲಾರನು. ಹೀಗಿರುವಾಗ 'ನಾನು ನೋಡಿದೆನು, ಕಾಣಲಿಲ್ಲ, ಆದ್ದರಿಂದ ಇಲ್ಲ' ಎಂಬ ವಾಕ್ಯಕ್ಕೆ ಬೆಲೆಯೇನು? ಅನುಪಲಬ್ಧಿವಾದಿಗಳು ಇದನ್ನು ಮೊದಲೇ ಕಂಡಿದ್ದರು. ಬರಿಯ ಕಾಣದಿರುವಿಕೆಯು ಪ್ರಮಾಣವಲ್ಲ. ಯೋಗ್ಯಾನುಪಲಬ್ಧಿಯು ಮಾತ್ರ ಪ್ರಮಾಣವು. ಎಂದರೆ, ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂತಹ ಸನ್ನಿವೇಶದಲ್ಲಿ ಅದು ಕಾಣದೆ ಹೋದರೆ ಆಗ ಇಲ್ಲವೆನ್ನಬಹುದು. ಬೆಳಕಿರುವ ಪಡಸಾಲೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ನಿಶ್ಚಯವಾಗುವುದು ಕತ್ತಲೆ ಮಾತ್ರ.

ಇಷ್ಟು ತಿಳಿದವನಾದ ನಾನು ಸೋಮವಾರದ ತಂಬಿಗೆಯನ್ನು ಬಿಡಲಿಲ್ಲವೆಂಬುದು ನಾಚಿಕೆಯ ಸಂಗತಿ. ಇಳಕಲ್ಲಿನಿಂದ ಗೃಹಸ್ಥನೊಬ್ಬನು ಬಂದು ಜೀಪನ್ನು ಕೊಳ್ಳುವೆನೆಂದನು. ನೇಕಾರರ ಮನೆತನ, ಸೀರೆಗಳ ಗಂಟನ್ನು ಸೊಲ್ಲಾಪುರದ ಕಡೆಗೆ ಒಯ್ಯುವುದು, ಹೆಂಡತಿ ಮಕ್ಕಳನ್ನು ಕೂಡಲಸಂಗಮಕ್ಕೆ ಕರೆದೊಯ್ಯುವುದು ಇವೆರಡೇ ಅವನ ಅಪೇಕ್ಷೆಗಳು. ಬೆಲೆ ಗೊತ್ತಾಯಿತು. ಎದ್ದು ಹೋಗುವಾಗ, 'ಗುರುಗಳೇ, ಎಣ್ಣಿ ನೀರು ಏನಾರ ಸೋರತಾವೇನ್ರಿ?' ಎಂದು ಕೇಳಿದನು. ನನ್ನ ನಾಲಿಗೆಯ ತುದಿಗೆ ಬಂದ ಉತ್ತರವು ಅಕ್ಷರಶಃ ಸತ್ಯವಾಗಿತ್ತು: ಒಂದು ಹನಿಯೂ ನೆಲಕ್ಕೆ ಬಿದ್ದುದನ್ನು ನಾನು ನೋಡಿಲ್ಲ. ಅದನ್ನು ಹೇಳಲಿಲ್ಲ. ಎಂಟು ದಿವಸ ತಡೆದು ಬಾ ಎಂದು ಕಳುಹಿಸಿದೆನು. ಧರ್ಮಬುದ್ಧಿಯಿಂದ ಹಾಗೆ ಮಾಡಿದೆನೆಂದು ಕೊಚ್ಚಿಕೊಳ್ಳಲಾರೆ. ಅವನು 'ಗುರುಗಳೇ' ಎಂದುದರಿಂದ ನಾಲಿಗೆ ಕಟ್ಟಿತು.

ಮಾರುವವನು ತನಗೆ ತಿಳಿದ ದೋಷವನ್ನು ಹೇಳಬೇಕೋ ಎಂಬ ಚರ್ಚೆ ಬಹು ಹಳೆಯದು. ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ, ರೋಗಕರವಾದ ಮನೆಯೊಂದನ್ನು ಮಾರುವವನ ಉದಾಹರಣೆಯುಂಟು. ಡಯೊಜೆನೀಸನೆಂಬ ತತ್ತ್ವಜ್ಞನು, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎನ್ನುವನು; ಅವನ ಶಿಷ್ಯನಾದ ಆಂಟಿಪೇಟರನು ಎಲ್ಲವನ್ನೂ ಹೇಳಲೇಬೇಕೆನ್ನುವನು. ಸಿಸೆರೋ ಶಿಷ್ಯನ ಪಕ್ಷವನ್ನೇ ಹಿಡಿದನು. ನಮ್ಮ ದೇಶದ 1872ರ ಕರಾರು ಶಾಸನದ 17ನೆಯ ಕಲಮಿನಲ್ಲಿ ಈ ಚರ್ಚೆಗೆ ಕುದುರೆಯ ವೇಷವಿದೆ. ಕುದುರೆಯು ಸ್ವಸ್ಥವಲ್ಲವೆಂದು ಬಲ್ಲವನು ಅದನ್ನು ಹರಾಜಿನಲ್ಲಿ ಸುಮ್ಮನೆ ಮಾರಿದರೆ ವಂಚನೆಯಲ್ಲ. ಆದರೆ ಕೊಳ್ಳುವವನು 'ನೀನು ಅಲ್ಲವೆನ್ನದಿದ್ದರೆ ಕುದುರೆ ಸ್ವಸ್ಥವೆಂದು ತಿಳಿಯುವೆನು' ಎಂದು ಹೇಳಿದ ಮೇಲೆ ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮವು. ಶಾಸನ ಬರೆದವರು ಜಾಣರು. ಆದರೆ ಇವರೆಲ್ಲರೂ ಮಾರುವವನಿಗೆ ದೋಷವು ತಿಳಿದಿದೆಯೆಂದು ಹಿಡಿದೇ ವಾದಿಸುವರು. ನನ್ನನ್ನು ಕಾಡಿದ ಪ್ರಶ್ನೆ ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ತನಗೆ ತಿಳಿಯದಂತೆ ತಾನೇ ಜಾಗ್ರತೆ ವಹಿಸಿದವನ ಗತಿಯೇನು? ಬಗ್ಗಿ ನೋಡಿದರೆ ಸಾಕೆಂದು ಅಲ್ಲಿಗೇ ನಿಲ್ಲಿಸಿದವನು, ಕೇಳಿದಾಗ 'ನಾನರಿಯೆ' ಎಂದರೆ ಅದು ಸತ್ಯವೇ?

ಇಲ್ಲಿ ಉದಯನಾಚಾರ್ಯನ ನೆರವು ದೊರೆಯಿತು. ಎಲ್ಲವನ್ನೂ ಸಂಶಯಿಸುವವನಿಗೆ ಆತನು ಕೊಡುವ ಸಮಾಧಾನವೇನೆಂದರೆ, ಸಂಶಯಕ್ಕೆ ಮೇರೆಯು ಸಂಶಯಿಸುವವನ ನಡತೆಯೇ. ಹೊಗೆಗೆ ಬೆಂಕಿ ಕಾರಣವೋ ಅಲ್ಲವೋ ಎನ್ನುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕಿಕೊಂಡು ಹೋಗುವನಾದರೆ ಅವನ ಸಂಶಯವು ಬಾಯಲ್ಲಿ ಮಾತ್ರವಿದೆ. ಈ ಸೂತ್ರವನ್ನು ತಿರುವಿ ಹಾಕಿದರೆ ನನಗೆ ತಗಲುವುದು. ಸೋರಿಕೆಯಿಲ್ಲವೆಂದು ನಂಬಿದವನು ಸೋಮವಾರಕ್ಕೊಂದು ತಂಬಿಗೆ ನೀರನ್ನು ಏಕೆ ಎರೆಯುವನು? ನನ್ನ ಕೈಗೆ ತಿಳಿದಿತ್ತು, ಬಾಯಿಗೆ ತಿಳಿದಿರಲಿಲ್ಲ. ಅಷ್ಟೇ ಅಲ್ಲ, ನಾನು ಎರೆಯುತ್ತಿದ್ದುದು ನಮ್ಮ ಊರಿನ ಕೊಳವೆಬಾವಿಯ ಗಡಸು ನೀರು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಗಾರೆ ಕಟ್ಟುವಂತಹದು. ಅದು ಪ್ರತಿ ವಾರವೂ ಕೂಲಂಟನ್ನು ತೆಳ್ಳಗೆ ಮಾಡಿ, ತುಕ್ಕಿಗೆ ದಾರಿ ಕೊಟ್ಟು, ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಗಾರೆ ಕಟ್ಟುತ್ತಿತ್ತು. ರೋಗವನ್ನು ಮರೆಸುವ ಉಪಚಾರವೇ ರೋಗಕ್ಕೆ ಅನ್ನವಾಗಿತ್ತು. ಲಾರಿಯವರು ಇಂತಹ ಸಮಯಕ್ಕೆ ಒಂದು ಹಿಡಿ ಅರಿಶಿನ ಪುಡಿಯನ್ನು ರೇಡಿಯೇಟರಿಗೆ ಸುರಿಯುವುದುಂಟು. ಸೋರುವ ಸಂದಿಯನ್ನು ಅದು ಕೆಲವು ದಿವಸ ಮುಚ್ಚುವುದು ನಿಜ. ಸೋರದ ನಾಳಗಳನ್ನೂ ಮುಚ್ಚುವುದು ಅಷ್ಟೇ ನಿಜ.

ಎಂಟು ದಿವಸದ ಗಡುವಿನಲ್ಲಿ ನಾನು ಮಗನನ್ನು ಕರೆದುಕೊಂಡು ಬಾದಾಮಿಗೆ ಹೊರಟೆನು. ಅಲ್ಲಿ ಲಾರಿಗಳ ಕೆಲಸದಲ್ಲೇ ಮುದುಕನಾದ ಯಂತ್ರಕಾರನೊಬ್ಬನಿದ್ದಾನೆಂದು ಕೇಳಿದ್ದೆ. ಅಮೀನಗಡ ದಾಟಿ ಪಟ್ಟದಕಲ್ಲಿನ ದಾರಿ ಹಿಡಿದೆವು. ಪಟ್ಟದಕಲ್ಲಿನಲ್ಲಿ ಮಲಪ್ರಭೆ ಬೇಸಗೆಯ ಬಡತನದಲ್ಲಿದ್ದಳು. 2019ರ ಆಗಸ್ಟಿನಲ್ಲಿ ಇದೇ ನದಿ ಗುಡಿಗಳ ಅಂಗಳಕ್ಕೆ ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಜೀಪನ್ನು ತಣಿಸಲು ನಿಲ್ಲಿಸಿದ ಅರ್ಧ ಗಂಟೆಯಲ್ಲಿ ನನಗೆ ನ್ಯಾಯಭಾಷ್ಯದ ನದಿಯು ನೆನಪಾಯಿತು. ಕಾರ್ಯದಿಂದ ಕಾರಣವನ್ನು ಊಹಿಸುವ ಶೇಷವದನುಮಾನಕ್ಕೆ ವಾತ್ಸ್ಯಾಯನನು ಕೊಡುವ ದೃಷ್ಟಾಂತವು ನದಿಯದೇ: ನೀರು ತುಂಬಿ ಬಂದುದನ್ನು ನೋಡಿ ಮೇಲೆ ಮಳೆಯಾಯಿತೆಂದು ತಿಳಿಯುವುದು. ಕಣಕುಂಬಿಯ ಘಟ್ಟದಲ್ಲಿ ಮಳೆ, ಪಟ್ಟದಕಲ್ಲಿನಲ್ಲಿ ಕೆಂಪು ನೀರು. ಗೌತಮನ ಸೂತ್ರದಲ್ಲೇ ಇದಕ್ಕೆ ಪೂರ್ವಪಕ್ಷವಿದೆ. ಕೆಳಗಡೆ ಕಟ್ಟೆ ಕಟ್ಟಿ ತಡೆದರೂ ನದಿ ತುಂಬುವುದಲ್ಲವೇ, ಆಗ ಮಳೆಯ ಅನುಮಾನವು ಸುಳ್ಳಾಗದೇ ಎಂದು. ಹುಡುಗನಾಗಿದ್ದಾಗ ಇದು ಕುಚೋದ್ಯವೆಂದು ನಕ್ಕಿದ್ದೆ. ಈಗ ಬಾಗಲಕೋಟೆಯಲ್ಲಿ ನಿಂತು ನೋಡಿರಿ: ಘಟಪ್ರಭೆ ಉಕ್ಕಿ ಹಳೆಯ ಪಟ್ಟಣದ ಓಣಿಗಳನ್ನು ನುಂಗಿದುದು ಮಳೆಯಿಂದಲ್ಲ, ಆಲಮಟ್ಟಿಯ ಗೋಡೆಯಿಂದ. ಜಲಾಶಯವು 519.60 ಮೀಟರಿನ ಮಟ್ಟಕ್ಕೆ ತುಂಬಿದಾಗ ಒಂದು ಹನಿ ಮಳೆಯಿಲ್ಲದ ದಿವಸವೂ ಅಲ್ಲಿ ನೀರು ನಿಲ್ಲುವುದು. ಪೂರ್ವಪಕ್ಷಿಯ ಮಾತು ನಮ್ಮ ಜಿಲ್ಲೆಯಲ್ಲಿ ಮೂರ್ತಿಮತ್ತಾಯಿತು. ಸಿದ್ಧಾಂತಿಯ ಸಮಾಧಾನವೂ ಅಲ್ಲಿಯೇ ಕಾಣಿಸುವುದು. ಬರಿಯ ತುಂಬುವಿಕೆಯು ಹೇತುವಲ್ಲ. ವೇಗ, ನೊರೆ, ತೇಲಿ ಬರುವ ಎಲೆ ಕಟ್ಟಿಗೆಗಳು, ಇವುಗಳಿಂದ ಕೂಡಿದ ತುಂಬುವಿಕೆಯು ಹೇತುವು. ಹಿನ್ನೀರಿಗೆ ನೊರೆಯಿಲ್ಲ, ವೇಗವಿಲ್ಲ. ಅದನ್ನು ನೋಡದೆ ತಪ್ಪಿ ಊಹಿಸಿದರೆ ದೋಷವು ಊಹಿಸುವವನದು, ಅನುಮಾನದ್ದಲ್ಲ.

ಬಾದಾಮಿಯ ಮುದುಕನಿಗೆ ಗೌತಮನ ಹೆಸರು ತಿಳಿದಿರಲಾರದು. ಆದರೆ ಅವನ ನಡೆ ಅದೇ. 'ನೀರು ಕಡಿಮಿ ಆಗತದ' ಎಂದು ನಾನೆಂದಾಗ ಅವನು ಕೇಳಿದ ಮೊದಲ ಪ್ರಶ್ನೆ, 'ಯಾವಾಗ ನೋಡಿದ್ರಿ? ಬಿಸಿ ಇದ್ದಾಗೋ, ತಣ್ಣಗಿದ್ದಾಗೋ?' ಎಂಬುದು. ಕಾದ ನೀರು ಹಿಗ್ಗುವುದು, ತಣಿದ ನೀರು ಕುಗ್ಗುವುದು. ಒಮ್ಮೆ ಸಂಜೆಗೆ ನೋಡಿ ಒಮ್ಮೆ ಬೆಳಿಗ್ಗೆ ನೋಡಿದವನು ಇಲ್ಲದ ನಷ್ಟವನ್ನು ಲೆಕ್ಕ ಹಾಕಿಕೊಳ್ಳುವನು. ನಾನು ಪ್ರತಿಸಲವೂ ಬೆಳಿಗ್ಗೆ ಅದೇ ಕಲ್ಲುಹಾಸಿನ ಮೇಲೆ ನೋಡಿದೆನೆಂದ ಮೇಲೆಯೇ ಅವನು ರೋಗವಿದೆಯೆಂದು ಒಪ್ಪಿದನು. ರಾತ್ರಿಯೆಲ್ಲ ಗಾಡಿಯನ್ನು ಅಲ್ಲೇ ಬಿಡಿಸಿಕೊಂಡನು. ಬೆಳಿಗ್ಗೆ ತಣ್ಣಗಿರುವ ರೇಡಿಯೇಟರಿನ ಬಾಯಿಗೆ, ಸೈಕಲ್ಲಿನ ಪಂಪಿನಂತಹ ಒಂದು ಕೈಪಂಪನ್ನೂ ಅದರ ಜೊತೆಗಿರುವ ಒತ್ತಡದ ಮುಳ್ಳನ್ನೂ ಕೂಡಿಸಿ, ಮುಚ್ಚಳವು ತಡೆಯುವಷ್ಟೇ ಒತ್ತಡವನ್ನು ಏರಿಸಿದನು. ಬೆಂಕಿಯಿಲ್ಲದೆ ಒತ್ತಡ! ಹನಿಯನ್ನು ತಳ್ಳುವ ಬಲವುಂಟು, ಹನಿಯನ್ನು ಒಣಗಿಸುವ ಕಾವಿಲ್ಲ. ಕತ್ತಲೆಯ ಕೋಣೆಗೆ ದೀಪ ತಂದಂತಾಯಿತು. ಅನುಪಲಬ್ಧಿಗೆ ಯೋಗ್ಯತೆಯನ್ನು ಕೈಯಿಂದ ತಯಾರು ಮಾಡಬಹುದೆಂಬುದನ್ನು ಯಾವ ಪಾಠಶಾಲೆಯಲ್ಲಿಯೂ ನಾನು ಕೇಳಿರಲಿಲ್ಲ.

ಮುಳ್ಳು ಸಾವಕಾಶವಾಗಿ ಇಳಿಯತೊಡಗಿತು. ಮುದುಕನು ದೀಪವನ್ನೂ ಸಣ್ಣದೊಂದು ಕನ್ನಡಿಯನ್ನೂ ಹಿಡಿದು ನೀರಿನ ಪಂಪಿನ ಕೆಳಗೆ ತೋರಿಸಿದನು. ಅಲ್ಲಿ ಕಡಲೆಕಾಳಿನಷ್ಟು ರಂಧ್ರ, ಅದರ ಸುತ್ತಲೂ ಹಸಿರು ಮಿಶ್ರಿತ ಬಿಳಿಯ ಚಕ್ಕೆ, ಅದರ ತುದಿಯಲ್ಲಿ ಒಂದು ಹನಿ. ಆ ರಂಧ್ರವು ಸವೆದು ಆದುದಲ್ಲ. ಯಂತ್ರ ಮಾಡಿದವರೇ ಬೇಕೆಂದು ಬಿಟ್ಟುದು. ಒಳಗಿನ ಬಿರಡೆ ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬಂದು ತನ್ನ ಸುದ್ದಿಯನ್ನು ತಾನೇ ಹೇಳಲೆಂದು ಅದನ್ನಿಟ್ಟಿರುವರು. ಓಡುವಾಗ ಪಂಖದ ಗಾಳಿ ಆ ಸುದ್ದಿಯನ್ನು ಹಿಂದಕ್ಕೆ ಹಾರಿಸಿ ಕಾದ ಲೋಹದ ಮೇಲೆ ಒಣಗಿಸುತ್ತಿತ್ತು. ಆ ಚಕ್ಕೆಯ ವಾಸನೆ ಸಿಹಿಯಾಗಿರುವುದೆಂದು ತೋರಿಸಿ, ದೂರ ಹಿಡಿಯಿರೆಂದನು. ಕೂಲಂಟಿನಲ್ಲಿರುವ ಗ್ಲೈಕಾಲಿಗೆ ಸಿಹಿ ರುಚಿಯುಂಟು, ವಿಷವೂ ಉಂಟು. ನೆಲದ ಮೇಲೆ ನಿಂತುದನ್ನು ನೆಕ್ಕಿ ನಾಯಿಗಳು ಸಾಯುವುವು. ನನ್ನ ಸೋರಿಕೆ ನನ್ನೊಬ್ಬನ ನಷ್ಟವೆಂದು ತಿಳಿದಿದ್ದೆ.

ಪಂಪು ಹೊಸದಾಯಿತು. ಸಂತೋಷದಿಂದ ಹಣ ತೆಗೆಯಹೋದೆನು. ಮುದುಕನು ತೆಗೆದುಕೊಳ್ಳದೆ, ಮರುದಿನ ಮತ್ತೆ ಪಂಪನ್ನೇರಿಸಿ ನೋಡುವೆನೆಂದನು. ಒಂದು ಕಾರಣ ಸಿಕ್ಕಿದ ಕೂಡಲೆ ಹುಡುಕುವುದನ್ನು ನಿಲ್ಲಿಸುವುದು ಮನುಷ್ಯರ ಸ್ವಭಾವ. ಪರಿಶೇಷದಿಂದ ಊಹಿಸುವವನು, ಎಂದರೆ ಒಂದೊಂದನ್ನೇ ಅಲ್ಲಗಳೆದು ಉಳಿದುದನ್ನು ಹಿಡಿಯುವವನು, ಪಟ್ಟಿಯನ್ನು ಮೊದಲು ಪೂರ್ಣವಾಗಿ ಮಾಡಿರಬೇಕು. ಕಾರಣವು ಒಂದೇ ಎಂದೂ ಹಿಡಿಯಕೂಡದು. ಮರುದಿನ ಮುಳ್ಳು ಮತ್ತೆ ಇಳಿಯಿತು, ಮೊದಲಿಗಿಂತ ನಿಧಾನವಾಗಿ. ಹೊರಗೆ ಈ ಸಲ ಎಲ್ಲಿಯೂ ಹನಿಯಿಲ್ಲ. ಹೊರಗಿಲ್ಲವಾದರೆ ಒಳಗೆ. ಯಂತ್ರದ ಒಡಲಿಗೂ ಅದರ ತಲೆಗೂ ನಡುವೆ ಇರುವ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆಯ ಮೇಲೆ ಸಂಶಯ ಬಂದಿತು. ನನ್ನ ಮಗನು, ಬೆಳಿಗ್ಗೆ ಬಿಳಿಯ ಹೊಗೆ ಬರುತ್ತಿತ್ತೆಂದೂ ಅದೇ ಸಾಕ್ಷಿಯೆಂದೂ ಹೇಳಿದನು. ಮುದುಕನು ಒಪ್ಪಲಿಲ್ಲ. ತಣ್ಣಗಿರುವ ಡೀಸೆಲ್ ಯಂತ್ರವು ಸುಡದ ಎಣ್ಣೆಯಿಂದಲೂ ಬಿಳಿಯ ಹೊಗೆಯನ್ನು ಉಗುಳುವುದು. ಅನೈಕಾಂತಿಕವಾದ ಹೇತುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಟ್ಟಿಲ್ಲ. ತಣ್ಣಗಿರುವಾಗ ಯಂತ್ರವನ್ನು ಹೊರಡಿಸಿ, ಎರಡು ನಿಮಿಷದಲ್ಲೇ ಮೇಲಿನ ರಬ್ಬರಿನ ಕೊಳವೆ ಕಲ್ಲಿನಂತೆ ಬಿಗಿದುದನ್ನು ಅವನು ಮುಟ್ಟಿ ತೋರಿಸಿದನು. ನೀರಿನ್ನೂ ಕಾಯದಿರುವಾಗ ಆ ಒತ್ತಡ ಎಲ್ಲಿಂದ ಬಂದಿತು? ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಎದ್ದುವು. ಕೊನೆಗೆ ಆ ಗಾಳಿಯನ್ನು ನೀಲಿಯ ಒಂದು ದ್ರವದ ಮೂಲಕ ಹಾಯಿಸಿದನು; ಸುಟ್ಟ ಎಣ್ಣೆಯ ಅನಿಲವಿದ್ದರೆ ಅದರ ಬಣ್ಣ ತಿರುಗುವುದು. ತಿರುಗಿತು. ಯಂತ್ರ ನಡೆಯುವಾಗ ಅನಿಲವು ನೀರಿಗೆ ನುಗ್ಗುತ್ತಿತ್ತು, ನಿಂತ ಮೇಲೆ ನೀರು ಸಿಲಿಂಡರಿಗೆ ಜಿನುಗುತ್ತಿತ್ತು. ಒಂದು ದಿವಸ ಇಳಕಲ್ಲಿನಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಹಿಂದೆ ಮಕ್ಕಳು ಕುಳಿತಿರುವಾಗ, ಆ ತಲೆಯು ಕಾದು ಸೊಟ್ಟಗಾಗಿ ಸೀಳಬಹುದಾಗಿತ್ತು. ದುರಸ್ತಿಯ ಖರ್ಚನ್ನು ಕೇಳಿದೆ. ಗೊತ್ತಾದ ಬೆಲೆಯ ಅರ್ಧಕ್ಕೆ ಹತ್ತಿರವಾಯಿತು.

ಹಿಂದಿರುಗುವಾಗ ನನ್ನ ಮಗನು ಒಂದು ಆಕ್ಷೇಪವನ್ನೆತ್ತಿದನು, ಅದು ಹಗುರವಾದುದಲ್ಲ. ಹೀಗೆ ಹುಡುಕುತ್ತ ಹೋದರೆ ಕೊನೆಯೆಲ್ಲಿ? ಹಳೆಯ ಗಾಡಿಯಲ್ಲಿ ಕಾಣದ ದೋಷಗಳು ನೂರಿರುವುವು. ಎಲ್ಲವನ್ನೂ ಪರೀಕ್ಷಿಸಿಯೇ ಬಾಯಿ ತೆರೆಯಬೇಕಾದರೆ ಲೋಕದಲ್ಲಿ ವ್ಯಾಪಾರವೇ ನಿಲ್ಲುವುದಲ್ಲವೇ? ಅನವಸ್ಥೆಯ ಭಯ ನಿಜವಾದುದೇ. ನನಗೆ ತೋರಿದ ಮಟ್ಟಿಗೆ, ಲಿಂಗವು ಕಂಡಲ್ಲಿ ಋಣ ಹುಟ್ಟುವುದು. ಕುರುಹೇ ಇಲ್ಲದ ದೋಷವನ್ನು ಹುಡುಕಲು ಯಾರೂ ಬದ್ಧರಲ್ಲ. ನನ್ನ ಜೀಪಿನ ಬಿಲ್ಲೆಗಳು ಎಂದು ಮುರಿಯುವುವೋ ನಾನರಿಯೆ, ಅರಿಯೆನೆಂದು ಧೈರ್ಯವಾಗಿ ಹೇಳಬಲ್ಲೆ. ನೀರಿನ ವಿಷಯದಲ್ಲಿ ಹಾಗಲ್ಲ. ಅಲ್ಲಿ ಕುರುಹು ವಾರಕ್ಕೊಮ್ಮೆ ನನ್ನ ಕೈಯಿಂದ ತಂಬಿಗೆಯನ್ನು ಎತ್ತಿಸುತ್ತಿತ್ತು. ಅಲ್ಲಿ 'ಅರಿಯೆ' ಎಂಬುದು ಅಜ್ಞಾನವಲ್ಲ, ಮಾಡಿಟ್ಟುಕೊಂಡ ಕತ್ತಲೆ. ಮಗನು ಇದಕ್ಕೆ ಪೂರ್ತಿಯಾಗಿ ಒಪ್ಪಿದನೆಂದು ಹೇಳಲಾರೆ. ಅಮೀನಗಡದಲ್ಲಿ ಕರದಂಟು ಕೊಳ್ಳುವಾಗಲೂ ಲೆಕ್ಕ ಹಾಕುತ್ತಲೇ ಇದ್ದನು.

ಇಳಕಲ್ಲಿನ ಗೃಹಸ್ಥನು ಗಡುವಿನ ದಿವಸ ಬಂದನು. ಪಂಪು ಬದಲಾಯಿತೆಂದೂ ಒಳಗೆ ಹೀಗಿದೆಯೆಂದೂ ದುರಸ್ತಿಗೆ ಇಷ್ಟಾಗುವುದೆಂದೂ ಹೇಳಿ, ಅಷ್ಟನ್ನು ಬೆಲೆಯಲ್ಲಿ ಬಿಡುವೆನೆಂದೆನು. ಅವನು ಬಹಳ ಹೊತ್ತು ಜೀಪಿನ ಸುತ್ತ ತಿರುಗಿ, 'ನೀವು ಹೇಳದಿದ್ದರ ತಗೊಂಡಿರತಿದ್ದೆ. ಹೇಳಿದ ಮ್ಯಾಲೆ ಹೆಂಗ ತಗೊಳ್ಳಲಿ?' ಎಂದು ಕೈಮುಗಿದು ಹೊರಟುಹೋದನು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ನಿಜ ನುಡಿದವನಿಗೆ ಗಿರಾಕಿ ಒಲಿಯುವನೆಂಬ ಕಥೆಗಳನ್ನು ಮೂವತ್ತು ವರ್ಷ ಹುಡುಗರಿಗೆ ಹೇಳಿದವನು ನಾನು. ಮನೆಯಲ್ಲಿ ಎರಡು ದಿವಸ ಯಾರೂ ಜೀಪಿನ ಮಾತೆತ್ತಲಿಲ್ಲ. ಗ್ಯಾಸ್ಕೆಟ್ಟನ್ನು ಹಾಕಿಸಿದೆವು, ತಲೆಯನ್ನು ಹದಗೊಳಿಸಿದೆವು. ಗಾಡಿ ಇಂದಿಗೂ ನಮ್ಮಲ್ಲಿಯೇ ಇದೆ.

ತಿಂಗಳಾದ ಮೇಲೆ ಆತನೇ ಫೋನು ಮಾಡಿದನು. ಬೇರೊಂದು ಜೀಪನ್ನು ನೋಡಿದ್ದಾನಂತೆ, ನಾನು ಒಂದು ಸಾರೆ ಬರಬೇಕಂತೆ. ನಾನು ಯಂತ್ರಕಾರನಲ್ಲವೆಂದರೂ ಕೇಳಲಿಲ್ಲ. ಬೆಳಿಗ್ಗೆ ಏಳಕ್ಕೆ, ಗಾಡಿಯನ್ನು ಯಾರೂ ಹೊರಡಿಸುವ ಮೊದಲು, ಇಳಕಲ್ಲಿಗೆ ಹೋದೆನು. ಮಾರುವವನು ಸಜ್ಜನನಂತೆ ಕಂಡನು. 'ಗುರುಗಳೇ, ಇದರಾಗ ಒಂದು ಹನಿ ಸೋರಂಗಿಲ್ಲ' ಎಂದನು. ನಾನು ತಣ್ಣನೆಯ ಮುಚ್ಚಳದ ಮೇಲೆ ಕೈಯಿಟ್ಟು, 'ನೀರು ಎಷ್ಟು ದಿವಸಕ್ಕೊಮ್ಮೆ ಹಾಕತೀರಿ?' ಎಂದು ಕೇಳಿದೆನು. ಅವನು ನನ್ನನ್ನೂ ಇಳಕಲ್ಲಿನವನನ್ನೂ ನೋಡಿ, ಸ್ವಲ್ಪ ತಡೆದು, 'ವಾರಕ್ಕೊಮ್ಮೆ' ಎಂದನು.